ಕಪಾಳದ ಇಂಗ್ಲಿಷ್

ನನ್ನ ಮಗಳು ಮೊಬೈಲಿನಲ್ಲಿ ಒಂದು ಆಟ ಆಡುತ್ತಾಳೆ. ಪರದೆಯ ಕೆಳಗೆ ಒಂದು ಚಕ್ರ, ಅದರೊಳಗೆ ನಾಲ್ಕೋ ಐದೋ ಇಂಗ್ಲಿಷ್ ಅಕ್ಷರ. ಬೆರಳಿನಿಂದ ಎಳೆದು ಆ ಅಕ್ಷರಗಳನ್ನು ಜೋಡಿಸಿದರೆ ಸಣ್ಣ ಸಣ್ಣ ಶಬ್ದಗಳಾಗುತ್ತವೆ. ಇದ್ದ ಅಕ್ಷರಗಳೇ ಜಾಗ ಬದಲಿಸಿದರೆ ಬೇರೆ ಶಬ್ದ, ಬೇರೆ ಅರ್ಥ. ಶಬ್ದವನ್ನು ಒತ್ತಿದರೆ ಅರ್ಥವನ್ನೂ ತೋರಿಸುತ್ತದೆ. ತಪ್ಪು ಮಾಡಿದರೆ ಮೊಬೈಲು ಸಣ್ಣಗೆ ನಡುಗುತ್ತದೆ, ಅಷ್ಟೇ ಶಿಕ್ಷೆ. ಅವಳು ನಕ್ಕು ಮತ್ತೊಂದು ಎಳೆಯುತ್ತಾಳೆ.

ಮೊನ್ನೆ ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಪಪ್ಪಾ, ಇನ್ನೊಂದ್ ಶಬ್ದ ಉಳದದ, ಹೇಳ್ರಿ" ಅಂದಳು. ನನಗೆ ಹೊಳೆಯಲಿಲ್ಲ. ಹೊಳೆಯದ ಕೂಡಲೇ ನನ್ನ ಕುತ್ತಿಗೆ ತನ್ನಷ್ಟಕ್ಕೆ ಬಲಕ್ಕೆ ತಿರುಗಿತು, ಎಡಗಪಾಳ ಮುಂದೆ ಬಂತು, ಕಣ್ಣು ಮುಚ್ಚಿಕೊಂಡವು. ಮಗಳು ಗಾಬರಿಯಾಗಿ, "ಏನಾತ್ರಿ?" ಅಂದಳು. ಏನೂ ಇಲ್ಲ ಎಂದೆ. ನಲವತ್ತರ ಹತ್ತಿರ ಬಂದಿದ್ದೇನೆ, ಬ್ಯಾಂಕಿನಲ್ಲಿ ಕುರ್ಚಿಯ ಮೇಲೆ ಕೂತು ನಾಲ್ಕು ಮಂದಿಯನ್ನು ಗದರಿಸುವ ಕೆಲಸ ನನ್ನದು. ಆದರೂ ಮೂರಕ್ಷರದ ಒಂದು ಇಂಗ್ಲಿಷ್ ಶಬ್ದ ಮರೆತರೆ ಕಪಾಳ ಒಡ್ಡುತ್ತೇನೆ. ಬೇರೆಯವರಿಗೆ ಇಂಗ್ಲಿಷ್ ತಲೆಯಲ್ಲಿರುತ್ತದೆ, ನನಗೆ ಅದು ಕಪಾಳದಲ್ಲಿದೆ.

ಕಮಲಾಪುರದಲ್ಲಿ ನಮ್ಮಪ್ಪನದು ಬಾಳೆಹಣ್ಣಿನ ವ್ಯಾಪಾರ. ಕೆಂಪು ಬಾಳೆಯ ಗೊನೆಗಳ ನಡುವೆ ಹುಟ್ಟಿ ಬೆಳೆದ ನನ್ನನ್ನು ಐದನೇ ತರಗತಿಗೆ ಕಲಬುರಗಿಗೆ ತಂದು, ಗಾಜಿಪುರದಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಕಾರಣ ಒಂದೇ. ಆರನೇ ತರಗತಿಯಿಂದ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಸರ್ಕಾರಿ ವಸತಿ ಶಾಲೆಯೊಂದಿತ್ತು. ಅದರ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಬೇಕಾದರೆ ಇಂಗ್ಲಿಷ್ ಬರಬೇಕು, ಇಂಗ್ಲಿಷ್ ಬರಬೇಕಾದರೆ ಅತ್ತೆಯ ಓಣಿಯ ಮಾಸ್ತರರ ಟ್ಯೂಷನ್ನಿಗೆ ಹೋಗಬೇಕು. ಹಾಗೆಂದು ಮಾವ ಹೇಳಿದ್ದರು. ಮಾವ ಎಂದರೆ ಅತ್ತೆಯ ಗಂಡ. ಸೇಡಂ ರಸ್ತೆಯಲ್ಲಿ ಅವರದು ಸಿಮೆಂಟು, ಕಬ್ಬಿಣದ ಅಂಗಡಿ. ರಸ್ತೆ ಕೆಲಸ ಹಿಡಿಯುವ ಗುತ್ತೇದಾರರೆಲ್ಲ ಅವರ ಗಿರಾಕಿಗಳು. ಮಾವ ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಈ ಮಾಸ್ತರರ ದೊಡ್ಡ ಹೆಸರು ಏನೆಂದರೆ, ಅವರು ಮಕ್ಕಳಿಗೆ ಹೊಡೆಯುವುದಿಲ್ಲ. "ನಾ ಯಾವ ಹುಡುಗನ ಮೈಗೂ ಕೈ ಹಚ್ಚಾಂಗಿಲ್ರಿ" ಎಂದು ಮೊದಲ ದಿನ ಅಪ್ಪನಿಗೆ ಹೇಳಿದಾಗ ಅಪ್ಪನ ಕಣ್ಣು ಒದ್ದೆಯಾಗಿದ್ದವು. ನನ್ನನ್ನು ಒಂದು ದಿನವೂ ಹೊಡೆಯದ ಅಪ್ಪ ಅವನು. ಹಗುರ ಮನಸ್ಸಿನಿಂದ ಕಮಲಾಪುರದ ಬಸ್ಸು ಹತ್ತಿ ಹೋದ.

ಮಾಸ್ತರರು ನಿಜವನ್ನೇ ಹೇಳಿದ್ದರು. ಅವರು ಹೊಡೆಯುತ್ತಿರಲಿಲ್ಲ, ಹೊಡೆಸುತ್ತಿದ್ದರು. ಮುಂಬಾಗಿಲ ಕೋಣೆಯ ಫರಸಿಕಲ್ಲಿನ ನೆಲದ ಮೇಲೆ ನಾವೆಲ್ಲ ಸಾಲಾಗಿ ಕೂರಬೇಕು. ಅವರು ಹಲಗೆಯ ಮೇಲೆ ಕೆಲವು ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಒಬ್ಬೊಬ್ಬರಾಗಿ ಎದ್ದು ಆ ಅಕ್ಷರಗಳಿಂದಲೇ ಒಂದು ಸಣ್ಣ ಶಬ್ದ ಮಾಡಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ, ಶಬ್ದಗಳು ಮುಗಿದರೆ ಹಲಗೆಯ ಮೇಲೆ ಹೊಸ ಅಕ್ಷರ ಬರುತ್ತಿದ್ದವು. ಹೇಳಲಾಗದವನು ನಿಂತೇ ಇರಬೇಕು. ಮುಂದೆ ಯಾರು ಸರಿಯಾಗಿ ಹೇಳುತ್ತಾರೋ ಅವರು ಬಂದು, ನಿಂತವನ ಮೂಗನ್ನು ಎಡಗೈಯಿಂದ ಹಿಡಿದು ಬಲಗೈಯಿಂದ ಕಪಾಳಕ್ಕೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ ಆ ಏಟು ಹೊಡೆದವನಿಗೇ ತಿರುಗಿ ಬೀಳುತ್ತಿತ್ತು. ಇದೆಲ್ಲ ನಡೆಯುವಾಗ ಮಾಸ್ತರರು ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ಮೊದಲ ದಿನ ಹಲಗೆಯ ಮೇಲೆ ಇದ್ದದ್ದು ಪಿ, ಎ, ಟಿ. ನನ್ನ ಪಕ್ಕದವನು "ಟ್ಯಾಪ್, ನಳ" ಎಂದು ಕೂತುಬಿಟ್ಟ. ನಾನು ಎದ್ದು ನಿಂತೆ, ನಿಂತೇ ಇದ್ದೆ. ಸಾಲಿನ ಕೊನೆಯಲ್ಲಿ ಗೋಡೆಗೆ ಒತ್ತಿ ಕೂತಿದ್ದ ಒಬ್ಬ ಹುಡುಗಿ ಎದ್ದು, "ಪ್ಯಾಟ್, ಮೆಲ್ಲಗ ತಟ್ಟೂದು" ಎಂದಳು. ಆಮೇಲೆ ಬಂದು ನನ್ನ ಮೂಗು ಹಿಡಿದು ಕಪಾಳಕ್ಕೆ ಎಂಥದ್ದು ಕೊಟ್ಟಳೆಂದರೆ, ಕಣ್ಣ ಮುಂದೆ ಬೆಳ್ಳಗಾಗಿ ನಾನು ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ, ತನ್ನ ಜಾಗಕ್ಕೆ ಹೋಗಿ ಕೂತಳು. ಮೆಲ್ಲಗೆ ತಟ್ಟುವುದು ಎಂಬ ಅರ್ಥ ಅಂದಿನಿಂದ ನನಗೆ ಮರೆತಿಲ್ಲ.

ಆ ವರ್ಷ ನಾನು ಅವಳ ಕೈಯಲ್ಲಿ ತಿಂದಷ್ಟು ಹೊಡೆತವನ್ನು ಇನ್ನಾರ ಕೈಯಲ್ಲೂ ತಿಂದಿಲ್ಲ. ಅವಳಿಗೆ ಬಾರದ ಶಬ್ದವೇ ಇರಲಿಲ್ಲ. ಅವಳ ತಾಯಿ ಮಾಸ್ತರರ ಮನೆಯ ಅಂಗಳ ಗುಡಿಸಿ ಪಾತ್ರೆ ತೊಳೆಯುತ್ತಿದ್ದಳು, ಅದಕ್ಕೆ ಪ್ರತಿಯಾಗಿ ಮಗಳಿಗೆ ಟ್ಯೂಷನ್. ತಂದೆ ರಸ್ತೆಗೆ ಡಾಂಬರು ಹಾಕುವ ಕೂಲಿ. ಅವರ ಮನೆ ನಮ್ಮ ಓಣಿ ದಾಟಿ, ಆಚೆ ನೀಲಿ ಬಾವುಟ ಹಾರುತ್ತಿದ್ದ ಕಡೆ ಇತ್ತು. ಒಳಗೆ ಗೋಡೆಗೆ ಬುದ್ಧನ ಫೋಟೋ. ನಮ್ಮ ಮನೆಗಳಲ್ಲಿ ಅವರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, "ಅವರ ಪೈಕಿ" ಎನ್ನುತ್ತಿದ್ದರು. ಆ ಎರಡು ಶಬ್ದಗಳ ಅರ್ಥ ಯಾವ ಮಾಸ್ತರರೂ ಕಲಿಸದೆ ನಮಗೆಲ್ಲ ಗೊತ್ತಿತ್ತು.

ಅವಳ ಕೈ ಗಟ್ಟಿ, ನೀರಿನ ಕೊಡ ಹೊತ್ತು ಗಟ್ಟಿಯಾದದ್ದು. ಆದರೆ ಅವಳ ಹೊಡೆತಕ್ಕೊಂದು ಪದ್ಧತಿ ಇತ್ತು. ಮೂಗು ಹಿಡಿದು ಮುಖವನ್ನು ಸ್ವಲ್ಪ ಅತ್ತ ತಿರುಗಿಸಿ, ಗಲ್ಲ ಮಾತ್ರ ಮುಂದೆ ಬರುವಂತೆ ಮಾಡಿಕೊಂಡು, ಆಮೇಲೆ ಚಟೀರನೆ ಹೊಡೆಯುತ್ತಿದ್ದಳು. ಉರಿಗೆ ಕೊರತೆ ಇರುತ್ತಿರಲಿಲ್ಲ, ಆದರೆ ಮುಖ ತೊಳೆದುಕೊಂಡರೆ ಮುಗಿಯಿತು. ಒಮ್ಮೆ ಅಂಗಳದ ನಳದ ಹತ್ತಿರ ನಾನು ಮುಖಕ್ಕೆ ನೀರು ಹಾಕಿಕೊಳ್ಳುವಾಗ ಅವಳೇ ಹೇಳಿದಳು.

"ಕಿವಿಗಿ ಹೊಡಿಬಾರ್ದು. ನಮ್ಮ ಕಾಕಾಗ ಯಾರೋ ಹಂಗ ಹೊಡದ್ರು. ಈಗ ಅವಗ ಕೇಳಾಂಗಿಲ್ಲ."

"ನೀ ಇಷ್ಟ್ ಯಾಕ್ ಜೋರ್ ಹೊಡೀತಿ ಮತ್ತ?"

"ಮೆಲ್ಲಗ ಹೊಡದ್ರ ನನಗ ಬೀಳ್ತದಲ್ಲ. ನನಗ ಹೊಡಿಯಾಕ ಎಲ್ಲಾರೂ ಕಾಯ್ಕೋತ ಕುಂತಾರ." ನಳ ತಿರುವಿ ನಿಲ್ಲಿಸಿ ಮತ್ತೆ ಹೇಳಿದಳು, "ನಾ ಪರೀಕ್ಷಾ ಪಾಸಾಗಿ ಆ ಸಾಲಿಗಿ ಹೋಗಾಕೇ ಬೇಕು. ಅಲ್ಲಿ ಊಟ, ಬುಕ್ಕು, ಹಾಸ್ಟೆಲು ಎಲ್ಲಾ ಕೊಡ್ತಾರ. ಇಲ್ಲಂದ್ರ ಮುಂದಿನ ವರ್ಷ ಅವ್ವನ ಕೂಡ ಕೆಲಸಕ್ಕ ಹೋಗೂದೇ."

ನಮಗೆಲ್ಲ ಆ ಪರೀಕ್ಷೆ ಪಾಸಾದರೆ ಚೆನ್ನ, ಆಗದಿದ್ದರೆ ಅಪ್ಪನ ಅಂಗಡಿ ಇದ್ದೇ ಇತ್ತು. ಅವಳಿಗೆ ಇದ್ದದ್ದು ಅದೊಂದೇ ಬಾಗಿಲು. ಹತ್ತು ವರ್ಷದ ನನಗೂ ಅದು ತಿಳಿಯಿತು.

ದೀಪಾವಳಿಯ ನಂತರ ಒಂದು ಸಂಜೆ ಮಾಸ್ತರರು ಹಲಗೆಯ ಮೇಲೆ ಟಿ, ಇ, ಎ, ಎಂ ಎಂದು ಬರೆದು, ನಾಲ್ಕೂ ಅಕ್ಷರ ಬಳಸಿ ಶಬ್ದ ಮಾಡಲು ಹೇಳಿದರು. ಮೊದಲನೆಯವನು "ಟೀಮ್, ತಂಡ" ಎಂದ. ಕಿರಾಣಿ ಅಂಗಡಿಯವರ ಮಗ, ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರದ ಹುಡುಗ, "ಮೇಟ್, ಜೊತೆಗಾರ" ಎಂದ. ಇನ್ನೊಬ್ಬಳು "ಟೇಮ್, ಪಳಗಿಸು" ಎಂದಳು. ಅಲ್ಲಿಗೆ ನಿಂತಿತು. ಇನ್ನೊಂದು ಶಬ್ದ ಉಳಿದಿದೆ ಎಂದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ ನಾವು ಆ ಶಬ್ದವನ್ನು ಬಾಯಲ್ಲಿ ತರುವುದಾದರೂ ಹೇಗೆ? ಸರದಿ ಬಂದಂತೆ ಒಬ್ಬೊಬ್ಬರೂ ಎದ್ದು ತಲೆ ತಗ್ಗಿಸಿ ನಿಂತೆವು. ಮನೆಯಲ್ಲಿ ಆ ಹೆಸರೆತ್ತಿದರೆ ಬಾಯಿ ತೊಳೆಸುತ್ತಿದ್ದರು. ಕಪಾಳ ಕೆಂಪಾದರೂ ಚಿಂತೆಯಿಲ್ಲ, ಬಾಯಿ ಮೈಲಿಗೆಯಾಗಬಾರದು.

ಅವಳು ಎದ್ದಳು. "ಮೀಟ್ ಸರ. ಮಾಂಸ."

ಕಿರಾಣಿಯವರ ಮಗ ವಾಂತಿ ಬಂದವನಂತೆ ಓಕರಿಸಿ ತೋರಿಸಿದ. ನಗು ಎದ್ದಿತು. ಮಾಸ್ತರರ ಮುಖ ಸಣ್ಣದಾಯಿತು. "ಅದೊಂದ್ ಬಿಡು. ಅದು ಬ್ಯಾಡ" ಎಂದರು.

"ಡಿಕ್ಷನರಿದಾಗ ಅದರಿ ಸರ."

"ಇರ್ಲಿ, ಬ್ಯಾಡಂದೆ."

"ಪರೀಕ್ಷಾದಾಗ ಬಂದ್ರ ಏನ್ ಮಾಡೂದ್ರಿ? ನಾ ಬರೋಬ್ಬರಿ ಹೇಳೀನಿ. ಇವರೆಲ್ಲಾ ನಿಂತಾರ."

ಮಾಸ್ತರರು ಏನಾದರೂ ಅನ್ನುವ ಮೊದಲೇ ಅವಳು ಸಾಲಿನ ಹತ್ತಿರ ಬಂದಳು. ಆ ಓಕರಿಕೆ, ಆ ನಗು ಅವಳ ಮೈಗೆ ನಾಟಿದ್ದವು. ನಿಂತವರ ಮೂಗು ಹಿಡಿದು ಹಿಡಿದು ಬಾರಿಸುತ್ತ ಬಂದಳು. ಒಬ್ಬ ಕೂತುಬಿಟ್ಟ, ಅವನನ್ನು ಅಂಗಿ ಹಿಡಿದು ಎಬ್ಬಿಸಿ ಹೊಡೆದಳು. ಒಬ್ಬ ಬಾಗಿಲ ಕಡೆ ಓಡಿದ, ಹೊಸ್ತಿಲಲ್ಲಿ ಹಿಡಿದು ಹೊಡೆದಳು. ಓಕರಿಸಿದವನು ತನ್ನ ಶಬ್ದ ಹೇಳಿ ಕೂತಿದ್ದ, ಅವನಿಗೆ ಹೊಡೆಯಲು ನಿಯಮವಿರಲಿಲ್ಲ. ಅವನ ಮುಂದೆ ನಿಂತು ನೋಡಿ, ದಾಟಿ ಬಂದಳು. ನನ್ನ ಸರದಿ ಬಂದಾಗ ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಮುಖ ತಿರುಗಿಸಿ ಗಲ್ಲಕ್ಕೇ ಹೊಡೆದಳು.

ಆ ಸಂಜೆ ಗಾಜಿಪುರದ ಎಷ್ಟೋ ಮನೆಗಳಿಗೆ ಒಂದೇ ಕೈಯ ಬೆರಳಚ್ಚು ಹೊತ್ತ ಮುಖಗಳು ಮರಳಿದವು.

ಮಾವ ನನ್ನ ಗಲ್ಲ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿ ಖುಷಿಯಿಂದ ನಕ್ಕರು. "ಭಲೇ! ಹುಡುಗ ಕಲ್ಯಾಕತ್ತಾನ ಅಂದಂಗಾತು. ಯಾರ್ ಹೊಡದಾರಪಾ ಇಷ್ಟ್ ಚಂದ?"

"ಒಂದ್ ಹುಡುಗಿ."

"ಹುಡುಗಿ ಕೈಲೆ ಹೊಡಸ್ಕೊಂಡ್ ಬಂದೇನು ಮಗನ? ಯಾರ ಮಗಳಕಿ?"

"ಮಾಸ್ತರ ಮನ್ಯಾಗ ಕಸಾ ಹೊಡೀತಾಳಲ್ರಿ, ಅಕಿ ಮಗಳು."

ಮಾವನ ಕೈ ನನ್ನ ಗಲ್ಲದಿಂದ ಹಿಂದೆ ಸರಿಯಿತು. ಬೆರಳನ್ನು ಪಂಚೆಗೆ ಒರೆಸಿಕೊಂಡರು. ಅತ್ತೆ ನನ್ನ ತೋಳು ಹಿಡಿದು ಬಚ್ಚಲಿಗೆ ಎಳೆದೊಯ್ದು, ಬಟ್ಟೆ ಸಮೇತ ತಲೆಯ ಮೇಲೆ ತಣ್ಣೀರು ಸುರಿದಳು. ಆಮೇಲೆ ಒಲೆಯ ಬೂದಿ ತಂದು ನನ್ನ ಎಡಗಪಾಳವನ್ನು ತಿಕ್ಕಿದಳು. ಸುಟ್ಟ ಪಾತ್ರೆಯ ತಳ ತಿಕ್ಕುವ ಹಾಗೆ ತಿಕ್ಕಿದಳು. ಚರ್ಮ ಸುಲಿದು ರಕ್ತ ಜಿನುಗಿತು. ನಾನು ಚೀರಿದೆ. "ಸುಮ್ನಿರು, ಹೋಗ್ಬೇಕದು" ಎಂದಳು. ಹುಡುಗಿಯ ಹೊಡೆತ ರಾತ್ರಿಯೊಳಗೆ ಇಳಿದಿತ್ತು, ಅತ್ತೆ ತಿಕ್ಕಿದ್ದು ಹಕ್ಕಳೆಗಟ್ಟಿ ವಾರಗಟ್ಟಲೆ ಉಳಿಯಿತು. ಅತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳು ಸತ್ತ ದಿನವೂ ನನ್ನ ಕೈ ಗಲ್ಲಕ್ಕೆ ಹೋಗಿತ್ತು.

ಮರುದಿನ ಮಾವ, ಕಿರಾಣಿ ಅಂಗಡಿಯವರು, ಇನ್ನೂ ಕೆಲವರು ಮಾಸ್ತರರ ಮನೆಗೆ ಬಂದರು. ನಾವು ಒಳಗೆ ಕೂತಿದ್ದೆವು, ಮಾತು ಅಂಗಳದಲ್ಲಿ ನಡೆಯಿತು. ಎಲ್ಲವೂ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು.

"ಸರ, ಹೊಡೀರಿ, ನಾವ್ ಬ್ಯಾಡ ಅನ್ನಂಗಿಲ್ಲ" ಎಂದರು ಮಾವ. "ಆದ್ರ ಯಾರ ಕೈಲೆ ಹೊಡಸಾಕತ್ತೀರಿ ಅನ್ನೂದರ ಖಬರ್ ಇರ್ಲಿ. ನಮ್ಮ ಹುಡುಗರ ಮಾರಿ ಅದಾವ್ರಿ ಅವು. ಇದು ಹಿಂಗೇ ನಡದ್ರ ನಾವು ಹುಡುಗರನ್ನ ಬಿಡಸ್ತೀವಿ."

"ನೀವಂದದ್ದು ಬರೋಬ್ಬರಿ ಅದರಿ" ಎಂದರು ಮಾಸ್ತರರು.

ಒಳಗೆ ಬಂದು ಹೊಸ ನಿಯಮ ಹೇಳಿದರು. ಅವಳು ಶಬ್ದ ಹೇಳಬಹುದು, ಅರ್ಥ ಹೇಳಬಹುದು. ಆದರೆ ಅವಳ ಪರವಾಗಿ ಹೊಡೆಯುವವನು ಕಿರಾಣಿಯವರ ಮಗ.

"ಯಾಕ್ರಿ ಸರ?" ಅವಳು ಕೇಳಿದಳು.

"ನಿನ್ ಕೈ ಭಾರ ಅದ."

"ಮತ್ತ ನನಗ ಬರ್ಲಿಲ್ಲಂದ್ರ ನನಗ ಯಾರ್ ಹೊಡೀತಾರ್ರಿ?"

"ಅದು ಹಿಂದ ಹೆಂಗಿತ್ತೋ ಹಂಗೇ. ಯಾರ್ ಹೇಳ್ತಾರೋ ಅವ್ರು ಹೊಡೀತಾರ."

ಕೈ ಭಾರವಂತೆ! ಕಿರಾಣಿಯವರ ಮಗ ಬೆಲ್ಲದ ಪೆಂಟೆ ಎತ್ತಿ ಎತ್ತಿ ಬೆಳೆದ ಹುಡುಗ. ಅವನ ಅಂಗೈ ನನ್ನ ಮುಖದಷ್ಟಿತ್ತು. ಅವನಿಗೆ ಮೂಗು ಹಿಡಿಯುವುದು, ಮುಖ ತಿರುಗಿಸುವುದು ಯಾವುದೂ ಬೇಕಿರಲಿಲ್ಲ. ದೂರದಿಂದಲೇ ಕೈ ಬೀಸಿಕೊಂಡು ಬಂದು ಬೀಳುವಲ್ಲಿ ಬಿಡುತ್ತಿದ್ದ. ಒಬ್ಬನ ಹಲ್ಲು ತುಟಿಯೊಳಗೆ ಇಳಿದು ಅಂಗಿಯೆಲ್ಲ ರಕ್ತವಾಯಿತು. ಒಬ್ಬಳು ಗೋಡೆಗೆ ಬಡಿದು ಹುಬ್ಬು ಒಡೆದುಕೊಂಡಳು. ನನಗೆ ಎರಡು ಸಲ ಕಿವಿಯ ಮೇಲೆಯೇ ಬಿತ್ತು. ಎರಡನೆಯ ಸಲ ಒಳಗೆ ಏನೋ ಹರಿದ ಹಾಗಾಗಿ, ಬೆಳಿಗ್ಗೆ ತಲೆದಿಂಬಿನ ಮೇಲೆ ಕೀವು ರಕ್ತ ಎರಡೂ ಇದ್ದವು.

ಮಾವ ಮತ್ತೆ ಕೇಳಿದರು, ಯಾರು ಹೊಡೆದದ್ದೆಂದು. ಹೇಳಿದೆ. "ಹಾಂ, ನಮ್ಮ ಹುಡುಗನೇ" ಎಂದು ಪೇಪರು ಬಿಡಿಸಿಕೊಂಡರು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟಳು. ಬಚ್ಚಲಿಗೆ ಎಳೆಯಲಿಲ್ಲ, ಬೂದಿ ತರಲಿಲ್ಲ. ನನ್ನ ಕಿವಿ ಹರಿದದ್ದು ಆ ಮನೆಯಲ್ಲಿ ಒಂದು ಸುದ್ದಿಯೇ ಆಗಲಿಲ್ಲ.

ಅತ್ತ ಅವಳಿಗೆ ಬೇರೆಯೇ ನರಕ ಶುರುವಾಗಿತ್ತು. ಅವಳು ತಿರುಗಿ ಹೊಡೆಯಲಾರಳು ಎಂದು ಗೊತ್ತಾದ ಮೇಲೆ ಹುಡುಗರೆಲ್ಲ ಒಂದಾದರು. ದೊಡ್ಡ ಡಿಕ್ಷನರಿ ತಿರುವಿ, ಯಾರೂ ಕೇಳದ ಸಣ್ಣ ಸಣ್ಣ ಶಬ್ದಗಳನ್ನು ಹುಡುಕಿ ತಂದು ಅವಳ ಸರದಿ ಮುಗಿಯುವ ತನಕ ಹೇಳದೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಎಸ್, ಎ, ಪಿ ಬಂದ ದಿನ ಅವಳು "ಸ್ಯಾಪ್, ಗಿಡದ ರಸ" ಎಂದು ಹೇಳಬೇಕೆಂದಿದ್ದಳು, ಅದನ್ನು ಮುಂಚಿನವನೇ ಹೇಳಿಬಿಟ್ಟ. ಅವಳು ನಿಂತಳು. ಆಗ, ಬೇಕೆಂದೇ ಆವತ್ತು ಅವಳ ನಂತರದ ಸರದಿಗೆ ಕೂತಿದ್ದ ಕಿರಾಣಿಯವರ ಮಗ ಎದ್ದು, "ಆಸ್ಪ್, ಒಂದ್ ಜಾತಿ ವಿಷದ ಹಾವು" ಎಂದು, ನಿಧಾನವಾಗಿ ಅಂಗಿಯ ತೋಳು ಮಡಿಚಿಕೊಂಡು ಹೋಗಿ ಅವಳಿಗೆ ಬಾರಿಸಿದ. ಅವಳು ಫರಸಿಯ ಮೇಲೆ ಬಿದ್ದಳು. ಎದ್ದು ಲಂಗ ಕೊಡವಿಕೊಂಡು ಮತ್ತೆ ನಿಂತಳು, ಏಕೆಂದರೆ ಮಾಸ್ತರರು ಕೂರು ಎಂದಿರಲಿಲ್ಲ. ಅವಳ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಒಮ್ಮೆ ತಪ್ಪಿದ ಶಬ್ದ ಮರುದಿನ ಅವಳಿಗೆ ತಪ್ಪುತ್ತಿರಲಿಲ್ಲ. ಪರೀಕ್ಷೆಯವರೆಗೆ ಹೇಗಾದರೂ ಆ ಕೋಣೆಯಲ್ಲಿ ಉಳಿಯಬೇಕೆಂದು ಹಲ್ಲು ಕಚ್ಚಿಕೊಂಡಿದ್ದಳು.

ಪರೀಕ್ಷೆ ಹತ್ತಿರವಾಗಿತ್ತು. ಆವತ್ತು ಹಲಗೆಯ ಮೇಲೆ ಇದ್ದದ್ದು ಮೂರೇ ಅಕ್ಷರ: ಆರ್, ಎ, ಟಿ. ಒಬ್ಬ "ರ್‍ಯಾಟ್, ಇಲಿ" ಎಂದ. ಕಿರಾಣಿಯವರ ಮಗ "ಆರ್ಟ್, ಕಲೆ" ಎಂದ. ಮುಂದಿನವನು ನಾನು. ಮೂರನೆಯದು ಎಷ್ಟು ಯೋಚಿಸಿದರೂ ಬರಲಿಲ್ಲ. ಅವಳು ಎದ್ದು, "ಟಾರ್, ಡಾಂಬರು" ಎಂದಳು. ಕಿರಾಣಿಯವರ ಮಗ ಎದ್ದು ನಿಂತು ನನ್ನ ಕಡೆ ನೋಡಿ ನಕ್ಕ. ನನ್ನ ಕಿವಿಯಲ್ಲಿ ಇನ್ನೂ ಹತ್ತಿ ಇತ್ತು. ಅವನು ಅದೇ ಕಿವಿಯನ್ನು ನೋಡುತ್ತಿದ್ದ.

"ಬ್ಯಾಡ್ರಿ ಸರ" ಎಂದೆ. "ಇಂವ ಬ್ಯಾಡ. ಅಕಿ ಹೇಳ್ಯಾಳ, ಅಕಿನೇ ಹೊಡೀಲಿ."

ನ್ಯಾಯ ಗೀಯ ಎಂಬ ದೊಡ್ಡ ಮಾತು ನನ್ನ ತಲೆಯಲ್ಲಿರಲಿಲ್ಲ. ಕಿವಿ ನೋಯುತ್ತಿತ್ತು, ಅವಳು ಹೊಡೆದರೆ ಕಿವಿ ಉಳಿಯುತ್ತಿತ್ತು, ಅಷ್ಟೇ. ಮಾಸ್ತರರು ಚಹಾದ ಬಸಿ ಕೆಳಗಿಟ್ಟು, "ಏನಂದಿ?" ಎಂದರು. ನಾನು ಮತ್ತೆ ಅದನ್ನೇ ಹೇಳಿದೆ. ಅವಳು ಗೋಡೆಯ ಹತ್ತಿರದಿಂದ ನನ್ನನ್ನು ನೋಡಿ, ಬೇಡ ಎಂಬಂತೆ ತಲೆಯಾಡಿಸುತ್ತಿದ್ದಳು. ಮಾಸ್ತರರು ಎಲ್ಲರನ್ನೂ ಮನೆಗೆ ಕಳಿಸಿದರು. ಆ ದಿನ ಯಾರಿಗೂ ಹೊಡೆತ ಬೀಳಲಿಲ್ಲ.

ನನಗೆ ಮನೆಯಲ್ಲಿ ಬಿತ್ತು. ನಾನು ಹೋಗುವ ಮೊದಲೇ ಕಿರಾಣಿಯವರ ಮಗ ಸುದ್ದಿ ಮುಟ್ಟಿಸಿದ್ದ. ಮಾವ ಸೊಂಟದ ಬೆಲ್ಟು ಬಿಚ್ಚಿಕೊಂಡು ಕಾಯುತ್ತಿದ್ದರು. "ಅವರ ಕೈ ಬೇಕಾ ನಿನಗ? ಅವರ ಕೈ ಬೇಕಾ?" ಎಂದು ಕೇಳುತ್ತ ಕೇಳುತ್ತ ಹೊಡೆದರು. ಬೆನ್ನು, ತೊಡೆ, ಮುಚ್ಚಿಕೊಂಡ ಕೈಬೆರಳು, ಎಲ್ಲಿ ಬಿತ್ತೋ ಅಲ್ಲಿ. ಬೆಲ್ಟಿನ ಬಕ್ಕಲು ಮಂಡಿಗೆ ತಗುಲಿ ನಾನು ಕುಸಿದ ಮೇಲೂ ಎರಡು ಬಿದ್ದವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳನ್ನು ಕರೆದೆ, ಅವಳು ಒಳಗೆ ಹೋದಳು.

ಮರುದಿನ ಮಾಸ್ತರರ ಅಂಗಳದಲ್ಲಿ ದೊಡ್ಡವರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಡುಗಿಯ ತಂದೆಯನ್ನು ಕೆಲಸದ ಜಾಗದಿಂದಲೇ ಕರೆಸಿದ್ದರು. ಸಣ್ಣ ಮನುಷ್ಯ. ಕಾಲಿಗೆ ಗೋಣಿತಟ್ಟು ಸುತ್ತಿಕೊಂಡಿದ್ದ, ಪಾದದ ತುಂಬ ಡಾಂಬರು ಮೆತ್ತಿತ್ತು. ಅವನಿಗೆ ಕೆಲಸ ಕೊಟ್ಟ ಗುತ್ತೇದಾರ ಮಾವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅದನ್ನು ನೋಡಿದ ಮೇಲೆ ಆ ಮನುಷ್ಯ ತಲೆ ಎತ್ತಲಿಲ್ಲ.

"ನಿನ್ ಮಗಳು ನಮ್ಮ ಹುಡುಗಗ ಏನೇನೋ ತಲಿಗಿ ತುಂಬ್ಯಾಳ" ಎಂದರು ಮಾವ.

"ಇಲ್ರಿ ಯಪ್ಪಾ, ಸಣ್ಣದದ್ರಿ. ತಿಳಿಯಾಂಗಿಲ್ರಿ ಅದಕ್ಕ."

"ನಾ ಏನೂ ಹೇಳಿಲ್ಲ" ಎಂದಳು ಅವಳು. "ಅಂವನೇ ಅಂದಾನ. ಕೇಳ್ರಿ ಅವಗ."

ಎಲ್ಲರೂ ನನ್ನ ಕಡೆ ತಿರುಗಿದರು. "ಹೌದ್ರಿ, ನಾನೇ ಅಂದೀನಿ" ಎಂದೆ. ಬೆಲ್ಟಿನ ಬಾಸುಂಡೆಗಳು ನನ್ನ ತೋಳಿನ ಮೇಲೆ ಎದ್ದು ಕಾಣುತ್ತಿದ್ದವು. ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುತ್ತೇದಾರ ಗಂಟಲು ಸರಿಮಾಡಿಕೊಂಡು, ಇನ್ನೇನು ನೋಡುತ್ತೀಯ ಎಂಬಂತೆ ಆ ತಂದೆಯ ಕಡೆ ಗದ್ದ ಎತ್ತಿದ.

ತಂದೆ ಮಗಳಿಗೆ ಹೊಡೆದ. ಒಂದಲ್ಲ. ಕುರ್ಚಿಯಲ್ಲಿದ್ದವರ ಮುಖ ನೋಡಿ ನೋಡಿ ಹೊಡೆದ, ಇಷ್ಟು ಸಾಕೇ ಎಂದು ಕೇಳುವ ಹಾಗೆ. ಸಾಕು ಎಂದು ಯಾರೂ ಹೇಳಲಿಲ್ಲವಾಗಿ ಮತ್ತೆ ಹೊಡೆದ. ಅವಳ ಮೂಗಿನಿಂದ ರಕ್ತ ಬಂದು ಬಾಯಿಗೆ ಇಳಿಯಿತು. ಕೊನೆಗೆ ಅವನೇ ಅಳುತ್ತ, "ಕಾಲ್ ಬೀಳವ್ವಾ, ತಪ್ಪಾತು ಅನ್ನು. ಆ ಹುಡುಗಗ ತಪ್ಪಾತು ಅನ್ನು. ಪರೀಕ್ಷಾ ತನಕಾರ ಕುಂದರಸ್ಕೋತಾರ" 
ಎಂದು ಅವಳನ್ನು ನನ್ನ ಕಡೆ ತಳ್ಳಿದ.

ಅವಳು ನನ್ನ ಮುಂದೆ ಬಂದು ನಿಂತಳು. ಬಾಗಲಿಲ್ಲ. ಎಡಗೈ ಎತ್ತಿ ನನ್ನ ಮೂಗು ಹಿಡಿದಳು.

"ಟಾರ್" ಎಂದಳು. "ಟಾರ್ ಅಂದ್ರ ಡಾಂಬರು."

ಅಷ್ಟೂ ಕುರ್ಚಿಗಳ ಎದುರಿಗೆ ಕಪಾಳಕ್ಕೆ ಹೊಡೆದಳು. ಆಮೇಲೆ ಯಾರ ಕಡೆಯೂ ನೋಡದೆ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಂಗಳ ದಾಟಿ ಹೋದಳು. ಕುರ್ಚಿಗಳು ಹಿಂದಕ್ಕೆ ಬಿದ್ದವು. ಕಿರಾಣಿಯವರು ಅವಳ ತಂದೆಯ ಎದೆಗೆ ಒದ್ದರು. ಗುತ್ತೇದಾರ, "ನಾಳಿಂದ ಕೆಲಸಕ್ಕ ಬರಬ್ಯಾಡ" ಎಂದು ಕೂಗುತ್ತಿದ್ದ. ಆ ತಂದೆ ಬಿದ್ದಲ್ಲಿಂದ ಎದ್ದು, ಮಗಳ ಚಪ್ಪಲಿಗಳನ್ನು ಎತ್ತಿಕೊಂಡು ಕುಂಟುತ್ತ ಅವಳ ಹಿಂದೆ ಹೋದ. ನನಗೆ ಆ ಹೊತ್ತಿನಲ್ಲಿ ಅನಿಸಿದ್ದು ನೋವಲ್ಲ, ಖುಷಿ. ಎಲ್ಲರ ಮುಖ ನೋಡಿ ನನಗೆ ಎಂಥ ಖುಷಿಯಾಯಿತೆಂದರೆ ನಾನು ನಕ್ಕುಬಿಟ್ಟೆ, ಅದಕ್ಕೆ ಮಾವ ಇನ್ನೊಂದು ಕೊಟ್ಟರು.

ಪರೀಕ್ಷೆಯ ದಿನ ಬಾಗಿಲು ಹಾಕುವ ತನಕ ನಾನು ಬಾಗಿಲನ್ನೇ ನೋಡುತ್ತಿದ್ದೆ. ಅವಳು ಬರಲಿಲ್ಲ. ತಂದೆಗೆ ಕಲಬುರಗಿಯಲ್ಲಿ ಯಾವ ಗುತ್ತೇದಾರನೂ ಕೆಲಸ ಕೊಡದೆ, ಮನೆಮಂದಿಯೆಲ್ಲ ಪುಣೆಯ ಕಡೆ ದುಡಿಯಲು ಹೋದರೆಂದು ಆಮೇಲೆ ತಿಳಿಯಿತು. ಇಂಗ್ಲಿಷ್ ಪ್ರಶ್ನೆಗಳು ನನಗೆ ಬಂದವು. ಒಂದೊಂದು ಶಬ್ದ ಓದುವಾಗಲೂ ಗಲ್ಲ ಉರಿಯುತ್ತಿತ್ತು, ಅರ್ಥ ತಾನಾಗಿ ಬರುತ್ತಿತ್ತು. ನಾನು ಪಾಸಾದೆ.

ಕಮಲಾಪುರದ ನಮ್ಮ ಮನೆಯಲ್ಲಿ ಅಪ್ಪ ಪೇಢೆ ಹಂಚಿದ. ಸಂತೆಯ ದಿನವಾದ್ದರಿಂದ ಬಂದವರೆಲ್ಲ ಬಾಯಿ ಸಿಹಿ ಮಾಡಿಕೊಂಡು ಹೋಗುತ್ತಿದ್ದರು. ಮಾವನೂ ಬಂದಿದ್ದರು. ಪಡಸಾಲೆಯ ನಡುವೆ ಕೂತು, "ನಮ್ಮ ಮಾಸ್ತರ ಕಲಿಸೂದೇ ಹಂಗ. ಒಂದ್ ಏಟ್ ಹೊಡಿಯಾಂಗಿಲ್ಲ, ನೋಡ್ರಿ ಹೆಂಗ್ ಪಾಸ್ ಮಾಡಸ್ಯಾರ" ಎಂದು ಎಲ್ಲರಿಗೂ ಹೇಳುತ್ತಿದ್ದರು. ನಾನು ಸುಮ್ಮನಿರಬಹುದಿತ್ತು, ಆಗಲಿಲ್ಲ.

"ಮಾಸ್ತರ್ ಏನೂ ಕಲಿಸಿಲ್ಲ" ಎಂದು ಕೂಗಿದೆ. "ಅಕಿ ಕಲಿಸ್ಯಾಳ. ಅಕಿ ಕೈಲೆ ಹೊಡ್ತ ತಿಂದೀನಂತ ನಾ ಪಾಸಾಗೀನಿ. ಅಕಿ ಬಂದಿದ್ರ ಆ ಸೀಟು ಅಕಿದು."

ಅಪ್ಪ ಪೇಢೆಯ ತಟ್ಟೆಯನ್ನು ಕೆಳಗಿಟ್ಟ. ಎದ್ದು ಬಂದು, ಕೂತಿದ್ದ ಜನರ ನಡುವೆ ನನ್ನ ಕಪಾಳಕ್ಕೆ ಹೊಡೆದ. ನಾನು ಗೋಡೆಗೆ ಬಿದ್ದೆ. ನನ್ನ ಅಪ್ಪ! "ಆ ಮಾತು ಈ ಮನ್ಯಾಗ ಇನ್ನೊಮ್ಮೆ ಬರಬಾರ್ದು" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಅಂಜಿಕೆ ಇತ್ತು, ಮಾವನ ಕಡೆ ನೋಡುತ್ತಲೇ ಅದನ್ನು ಹೇಳಿದ. ನನ್ನ ಅಳು ಹೊರಗೆ ಕೇಳಬಾರದೆಂದು ಅವ್ವ ಓಡಿ ಬಂದು ನನ್ನ ಬಾಯಿಗೆ ಒಂದು ಪೇಢೆ ತುರುಕಿ ಅಂಗೈಯಿಂದ ಒತ್ತಿ ಹಿಡಿದಳು. ಉಸಿರು ಕಟ್ಟಿತು. ರಕ್ತದ ಜೊತೆ ಅದನ್ನು ನುಂಗಿದೆ.

ಜೂನಿನಲ್ಲಿ ನನ್ನನ್ನು ಆ ಶಾಲೆಗೆ ಸೇರಿಸಿದರು. ಅವಳು ಹೋಗಲೇಬೇಕಿದ್ದ ಶಾಲೆಗೆ.